ಎಳ್ಳಮಾಸಿಗೆ ಬಾರದ ಮೊಮ್ಮಗಳಿಗೆ

ಗುಂಡಗುರ್ತಿ,
ಡಿಸೆಂಬರ್ 2025

ಮುದ್ದಿನ ಮೊಮ್ಮಗಳಿಗೆ ನಿನ್ನ ಮುತ್ಯಾ ಮಾಡುವ ಆಶೀರ್ವಾದಗಳು.

ಚಳಿಗೆ ನಿನ್ನ ಆಯಿಯ ಮೊಣಕಾಲು ಹಿಡಿದಿದೆ, ಅದೊಂದು ಬಿಟ್ಟರೆ ಮನೆ ಮಂದಿ, ದನ-ಕರ ಎಲ್ಲ ಚೆನ್ನಾಗಿವೆ. ಎಳ್ಳಮಾಸಿಗೆ ನೀನು ಬಂದೇ ಬರುತ್ತೀ ಎಂದು ನಿನ್ನ ಆಯಿ ಸಜ್ಜಿ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಮಾಡಿದ್ದಳು. ಹೊಲದಲ್ಲಿ ಚರಗ ಚೆಲ್ಲುವಾಗಲೂ ದಾರಿ ಕಡೆಗೇ ನೋಡುತ್ತಿದ್ದಳು. "ಓದೋದು ಭಾಳ ಐತಿ" ಎಂದು ನೀನು ಅವ್ವನಿಗೆ ಫೋನಿನಲ್ಲಿ ಹೇಳಿದೆಯಂತೆ. ಓದುವುದು ಇದೆ, ನಾನು ಬಲ್ಲೆ. ಆದರೆ ಊರಿಗೆ ಬಂದರೆ ಅಗಸಿ ಹತ್ತಿರ ಕೂತವರು "ಏನಾಯ್ತವ್ವಾ ನಿನ್ನ ನೌಕರಿ?" ಎಂದು ಕೇಳುತ್ತಾರೆ, ಆ ಮಾತು ಕೇಳಲಾರದೆ ನೀನು ಬರಲಿಲ್ಲ ಎಂದು ನಿನ್ನ ತಮ್ಮ ನನ್ನ ಹತ್ತಿರ ಬಾಯಿಬಿಟ್ಟ. ಅವನ ಮೇಲೆ ಸಿಟ್ಟಾಗಬೇಡ. ಅವನು ಇನ್ನೊಂದು ಮಾತನ್ನೂ ಹೇಳಿದ. ದಿನಾ ಸಂಜೆ ಕಲಬುರಗಿಯ ಶರಣಬಸಪ್ಪನ ಗುಡಿಗೆ ಹೋಗಿ ಬರುತ್ತಿದ್ದವಳು ಈಗ ಅದನ್ನೂ ಬಿಟ್ಟಿದ್ದೀಯಂತೆ. "ದೇವರಿಗೆ ನನ್ನ ನೆನಪಿಲ್ಲ" ಎಂದೆಯಂತೆ.

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು "ಆಯ್ತು ಮುತ್ಯಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಕೆಂದಿಲ್ಲ.

ಮೊದಲು ನಡೆದದ್ದನ್ನು ನಡೆದ ಹಾಗೆ ಇಡೋಣ. ಡಿಗ್ರಿ ಮುಗಿದ ಹೊಸತರಲ್ಲಿ ನೀನು ನಸುಕಿಗೇ ಎದ್ದು ಊರ ರಸ್ತೆಯ ಮೇಲೆ ಓಡುತ್ತಿದ್ದೆ, ನಾನು ಗಡಿಯಾರ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ದೈಹಿಕ ಪರೀಕ್ಷೆ ದಾಟಿದೆ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಅಂದರೆ ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ಬರೆದೆ. ಮುಂದೆ ಏನಾಯಿತೆಂದು ಇಡೀ ರಾಜ್ಯಕ್ಕೆ ಗೊತ್ತು. ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡು ಉತ್ತರ ಹೇಳಿಸಿಕೊಂಡಿದ್ದು ಒಂದೊಂದಾಗಿ ಹೊರಗೆ ಬಂತು. ಅದೂ ನಮ್ಮ ಕಲಬುರಗಿಯಿಂದಲೇ ಬಿಚ್ಚಿಕೊಂಡಿತು. 2022ರ ಏಪ್ರಿಲ್ 29ಕ್ಕೆ ಸರಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಹೈಕೋರ್ಟಿನ ತೀರ್ಪಾಗಿ ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ 23. ಅಲ್ಲಿಯವರೆಗೆ ನೀನು ಅದೇ ಪುಸ್ತಕ, ಅದೇ ಟಿಪ್ಪಣಿ, ಅದೇ ಬಾಡಿಗೆ ಕೋಣೆ. ಅದರಲ್ಲಿ ಆಗಲಿಲ್ಲ. ಮುಂದೆ 402 ಹುದ್ದೆಗಳ ಪರೀಕ್ಷೆ, ಅದನ್ನೂ ದಿನಾಂಕ ಮುಂದೆ ಹಾಕಿ ಹಾಕಿ 2024ರ ಅಕ್ಟೋಬರ್ 3ಕ್ಕೆ ತಂದು ನಿಲ್ಲಿಸಿದರು. ಮೊದಲ ಪರೀಕ್ಷೆಯಿಂದ ಸರಿಯಾಗಿ ಮೂರು ವರ್ಷ. ಅದರಲ್ಲೂ ಸ್ವಲ್ಪದರಲ್ಲಿ ತಪ್ಪಿತು. ಆ ವರ್ಷದ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಪ್ರಶ್ನೆ ಬಗೆಹರಿಯುವತನಕ ಹೊಸ ನೇಮಕಾತಿ ಬೇಡ ಎಂದು ಸರಕಾರವೇ ತಡೆ ಹಾಕಿತು.

ನಿನ್ನ ಜೊತೆ ಓದಿದವರಿಗೆ ಮದುವೆಯಾಗಿ ಮಕ್ಕಳಾಗಿವೆ. ಒಬ್ಬಳು ಬ್ಯಾಂಕು ಸೇರಿದಳು, ಒಬ್ಬಳು ಬೆಂಗಳೂರಿಗೆ ಹೋದಳು. ನೀನು ಮಾತ್ರ ಇನ್ನೂ ನಾಗನಹಳ್ಳಿಯ ಪೊಲೀಸ್ ತರಬೇತಿ ಕಾಲೇಜನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೀ. ಇದರಲ್ಲಿ ದುಃಖಪಡುವಂಥದ್ದು ಏನಿದೆ ಎಂದು ನಾನು ಕೇಳುವುದಿಲ್ಲ ಯವ್ವಾ. ದುಃಖಪಡುವಂಥದ್ದೇ.

ಮನೆಗೆ ಬಂದವರು ನಿನ್ನ ಅವ್ವನಿಗೆ "ಎಲ್ಲಾ ಶಿವನ ಇಚ್ಛಾ" ಎಂದು ಸಮಾಧಾನ ಹೇಳಿ ಹೋದರು. ಅವರ ಮನಸ್ಸು ಒಳ್ಳೆಯದು, ಆದರೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಾಳೆ ತಿದ್ದಿದವರು ಮನುಷ್ಯರು, ಅದಕ್ಕೆ ಲಕ್ಷ ಲಕ್ಷ ಕೊಟ್ಟವರೂ ಮನುಷ್ಯರು. ಅದನ್ನು ಶಿವನ ತಲೆಗೆ ಕಟ್ಟಿದರೆ ಮಾಡಿದವರು ಆರಾಮಾಗಿ ಪಾರಾಗುತ್ತಾರೆ, ನೀನು ಮಾತ್ರ ದೇವರ ಮೇಲೆ ಮುನಿಸಿಕೊಂಡು ಕೂಡುತ್ತೀ. ನಿನ್ನ ಸಿಟ್ಟು ಆ ಕಳ್ಳತನದ ಮೇಲೆ ಇರಲಿ. ಅದು ಇದ್ದರೇ ನಾಳೆ ಖಾಕಿ ತೊಟ್ಟಾಗ ನೀನು ಒಳ್ಳೆಯ ಅಧಿಕಾರಿಯಾಗುತ್ತೀ. ದೇವರ ಸಮಯ ಎಂದು ನಾನು ನಂಬಿರುವುದರಲ್ಲಿ ಕಳ್ಳರ ಕೆಲಸ ಸೇರುವುದಿಲ್ಲ.

ನೇಮಕಾತಿಗೆ ಬಿದ್ದ ಆ ಎರಡನೆಯ ತಡೆಯನ್ನು ಮಾತ್ರ ಬೇರೆ ಕಣ್ಣಿನಿಂದ ನೋಡು ಎಂದು ಕೇಳುತ್ತೇನೆ. ಒಳಮೀಸಲಾತಿ ಪರಿಶೀಲಿಸಲು ಸದಾಶಿವ ಆಯೋಗ ಆದದ್ದು 2005ರಲ್ಲಿ, ಅದು ವರದಿ ಕೊಟ್ಟದ್ದು 2012ರಲ್ಲಿ. ಅದಕ್ಕೂ ಮೊದಲಿನಿಂದ ಕೇಳುತ್ತಾ ಬಂದವರಿದ್ದಾರೆ. ಸುಪ್ರೀಂ ಕೋರ್ಟು ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟದ್ದು 2024ರ ಆಗಸ್ಟ್ 1ರಂದು, ನಮ್ಮ ಸರಕಾರ ಹಂಚಿಕೆ ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ನಾನು ಮಾಸ್ತರನಾಗಿದ್ದಾಗ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಲೆಕ್ಕ ಬಿಡಿಸುತ್ತಿದ್ದ ಹುಡುಗರು ಫರ್ಸಿ ಕಲ್ಲಿನ ಖಣಿಗೆ ಕೂಲಿಗೆ ಹೋದದ್ದನ್ನು ಕಂಡಿದ್ದೇನೆ. ಅವರ ಮಕ್ಕಳು ಈಗ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ಓದುತ್ತಿದ್ದಾರೆ. ನಿನಗೆ ಆ ತಿಂಗಳುಗಳು ತಡವೆನಿಸಿದವು; ಅವರ ಮನೆಯಲ್ಲಿ ಎರಡು ತಲೆಮಾರು ಕಾದ ಸುದ್ದಿ ಆ ತಿಂಗಳುಗಳಲ್ಲೇ ಬಂತು. ದೇವರಿಗೆ ನೀನೊಬ್ಬಳೇ ಮಗಳಲ್ಲವಲ್ಲ. ಒಬ್ಬರ ತಡ ಇನ್ನೊಬ್ಬರ ಪಾಲು ಆಗಿರಬಹುದು ಎಂದು ತಿಳಿದರೆ ನೋವು ಹೋಗಿಬಿಡುವುದಿಲ್ಲ, ಆದರೆ ಅದರೊಳಗಿನ ಕಹಿ ಕಡಿಮೆಯಾಗುತ್ತದೆ.

ಇನ್ನು ನಮ್ಮ ಹೊಲದ ಮಾತು. ನೀನು ಹುಟ್ಟಿ ಬೆಳೆದದ್ದು ಅಲ್ಲೇ, ಆದರೂ ಬರೆಯುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ್ದು ಆ ಕರಿಮಣ್ಣೇ. ಮುಂಗಾರು ಬಿದ್ದ ಕೂಡಲೇ ತೊಗರಿಯ ನಡುವೆ ಹೆಸರನ್ನೂ ಬಿತ್ತುತ್ತೇವೆ. ಒಂದೇ ದಿನ, ಒಂದೇ ಕೂರಿಗೆ, ಒಂದೇ ಮಳೆ. ಹೆಸರು ಎಪ್ಪತ್ತು ದಿನಕ್ಕೆ ಕಾಯಿ ಕೊಟ್ಟು ಶ್ರಾವಣದಲ್ಲಿ ಮನೆಗೆ ಬರುತ್ತದೆ. ಆ ಹೊತ್ತಿಗೆ ತೊಗರಿ ನೋಡಿದರೆ ಬರೀ ಎಲೆ, ಹೂವಿಲ್ಲ, ಕಾಯಿಲ್ಲ. ಮೊದಮೊದಲು ಅದು ಮೇಲೆ ಬೆಳೆಯುವುದಕ್ಕಿಂತ ಹೆಚ್ಚು ಕೆಳಗೆ ಇಳಿಯುತ್ತದೆ. ಬೇರು ಆಳಕ್ಕೆ ಹೋದ ಮೇಲೆ, ಮಳೆ ನಿಂತು ಮೇಲಿನ ಮಣ್ಣು ಬಿರುಕು ಬಿಡುವ ಕಾಲದಲ್ಲಿ, ಆ ಆಳದ ತೇವ ಎಳೆದುಕೊಂಡು ಹಳದಿ ಹೂ ಬಿಡುತ್ತದೆ. ಕೈಗೆ ಬರುವುದು ಈಗ, ಎಳ್ಳಮಾಸಿ-ಸಂಕ್ರಾಂತಿಯ ಹೊತ್ತಿಗೆ. ಹೆಸರು ಬಂತಲ್ಲ, ಇದ್ಯಾಕೆ ಬರಲಿಲ್ಲ ಎಂದು ಶ್ರಾವಣದಲ್ಲಿ ತೊಗರಿ ಕಿತ್ತು ಹಾಕಿದ ರೈತನನ್ನು ನಾನು ನೋಡಿಲ್ಲ.

ಕುಡಿ ಚಿವುಟುವುದು ನಿನಗೆ ನೆನಪಿದೆಯೇ? ಬಿತ್ತಿ ನಲವತ್ತೈದು-ಐವತ್ತು ದಿನಕ್ಕೆ, ಗಿಡ ಸೊಂಪಾಗಿ ನೆಟ್ಟಗೆ ಎದ್ದಾಗ, ತುದಿಯ ಎಳೆ ಕುಡಿಯನ್ನು ಬೆರಳಿನಿಂದ ಚಿವುಟಿ ಬಿಸಾಡುತ್ತೇವೆ. ಈಗ ಬ್ಯಾಟರಿಯ ಮಶೀನೂ ಬಂದಿದೆ. ಚಿಕ್ಕವಳಿದ್ದಾಗ ನೀನು ಅಳುತ್ತಿದ್ದೆ, "ಪಾಪ, ಬೆಳೀತಿರೋದನ್ನ ಯಾಕ್ ಮುರೀತೀ ಮುತ್ಯಾ" ಎಂದು ನನ್ನ ಕೈ ಹಿಡಿಯುತ್ತಿದ್ದೆ. ನೆಟ್ಟಗೆ ಹೋಗುವ ದಾರಿ ಮುಚ್ಚಿದ ಮೇಲೆ ಆ ಗಿಡ ಪಕ್ಕಕ್ಕೆ ಒಡೆಯುತ್ತದೆ, ಒಂದೊಂದು ಗೆಣ್ಣಿನಿಂದಲೂ ಟೊಂಗೆ ಬರುತ್ತದೆ, ಕಾಯಿ ಕಟ್ಟುವುದು ಆ ಟೊಂಗೆಗಳಲ್ಲೇ. ಕೃಷಿ ಸಂಶೋಧನಾ ಕೇಂದ್ರದವರೂ ಇದನ್ನೇ ಹೇಳುತ್ತಾರೆ.

ಇಷ್ಟು ಬರೆದು ನಿಲ್ಲಿಸಿದರೆ ನಾನು ನಿನಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. 2022ರ ಬೆಳೆ ನೆನಪು ಮಾಡಿಕೊ. ಹೂ ಬಿಟ್ಟು, ಕಾಯಿ ಕಟ್ಟಿ, ಇನ್ನೇನು ಕೈಗೆ ಬಂತು ಎನ್ನುವಾಗ ನೆಟೆ ರೋಗ ಬಡಿದು ನಿಂತ ನಿಂತಲ್ಲೇ ಒಣಗಿತು. ಈ ವರ್ಷ ಆಗಸ್ಟ್, ಸೆಪ್ಟೆಂಬರಿನ ಮಳೆಗೆ ಕಾಗಿಣಾ, ಭೀಮಾ ಎರಡೂ ಉಕ್ಕಿದವು, ತಗ್ಗಿನ ಹೊಲಗಳಲ್ಲಿ ನೀರು ನಿಂತು ತೊಗರಿ ಕೊಳೆಯಿತು. ನಮ್ಮದೂ ಕೆಳಗಿನ ತುಂಡು ಹೋಯಿತು, ಮೇಲಿನ ತುಂಡು ಉಳಿದಿದೆ. ಕಾದವರಿಗೆಲ್ಲ ಫಲ ಬಂದೇ ಬರುತ್ತದೆ ಎಂದು ನಾನು ಹೇಗೆ ಹೇಳಲಿ? ನನ್ನ ದೇವರು ಹಾಗೆಂದು ನನಗೆ ಮಾತು ಕೊಟ್ಟಿಲ್ಲ. ಶರಣಬಸಪ್ಪ ಕೂಡ ರೈತನೇ, ಅರಳಗುಂಡಗಿಯ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ತಿಂದು ಹೋಗಲಿ ಎಂದು ಬಿಟ್ಟು, ಕುಡಿಯಲು ನೀರೂ ಇಟ್ಟವನು ಎಂದು ನಮ್ಮ ಮಂದಿ ಹೇಳುತ್ತಾರೆ. ಎಷ್ಟು ಬರುತ್ತದೆ ಎಂದು ಮೊದಲೇ ತಿಳಿದು ಅವನು ಬಿಟ್ಟದ್ದಲ್ಲ. ಬಿತ್ತುವುದು ನನ್ನ ಕೆಲಸ, ಉಳಿದದ್ದು ನಿನ್ನದು ಎಂದು ದೇವರಿಗೆ ಒಪ್ಪಿಸಿದ. 2022ರ ನಂತರ ನಾನೂ ಮರುವರ್ಷ ಬಿತ್ತಿದೆ. ರೋಗ ತಡೆಯುವ ತಳಿ ಯಾವುದೆಂದು ಕೇಳಿ ತಂದು, ಬೀಜೋಪಚಾರ ಮಾಡಿ ಬಿತ್ತಿದೆ. ನಂಬಿಕೆ ಇದ್ದುದರಿಂದಲೇ ಅಷ್ಟು ತಯಾರಿ ಮಾಡಿದೆ. ನಂಬಿಕೆ ಸತ್ತಿದ್ದರೆ ಹೊಲ ಬೀಳು ಬಿಡುತ್ತಿದ್ದೆ.

ನೀನಿರುವ ಊರಿನಲ್ಲೇ ಇನ್ನೊಬ್ಬ ಹಿರಿಯರ ಕಥೆ ಇದೆ. ಖಾಜಾ ಬಂದೇನವಾಜರು. ಅವರ ಉರುಸಿಗೆ ನನ್ನ ಹೆಗಲ ಮೇಲೆ ಕೂತು ಹೋಗಿ ಬಳೆ ಕೊಡಿಸಿಕೊಂಡು ಬಂದವಳು ನೀನು. ಅವರು ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಚಿಕ್ಕವರಿದ್ದಾಗ ತಂದೆ-ತಾಯಿಯ ಜೊತೆ ದೌಲತಾಬಾದಿಗೆ ಬಂದರು, ಅಲ್ಲೇ ತಂದೆ ತೀರಿಕೊಂಡರು. ಹರೆಯಕ್ಕೆ ದಿಲ್ಲಿಗೆ ಮರಳಿ, ನಸೀರುದ್ದೀನ್ ಚಿರಾಗ್ ದಿಲ್ಲಿಯವರ ಶಿಷ್ಯರಾಗಿ, ಗುರುಗಳು 1356ರಲ್ಲಿ ತೀರಿಕೊಂಡ ಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಜನರಿಗೆ ದಾರಿ ತೋರುತ್ತಾ ಇದ್ದರು. 1398ರಲ್ಲಿ ತೈಮೂರನ ದಂಡು ಬಂತು. ಎಪ್ಪತ್ತೇಳರ ವಯಸ್ಸಿನಲ್ಲಿ ಮನೆ, ಊರು, ಕಟ್ಟಿದ್ದೆಲ್ಲ ಬಿಟ್ಟು ಹೊರಡಬೇಕಾಯಿತು. ಆ ದಾರಿಯಲ್ಲಿ ಅವರನ್ನು ಕಂಡ ಯಾರಾದರೂ, ಈ ಮುದುಕರ ಬಾಳು ಮುಗಿಯಿತು ಎಂದೇ ಅಂದುಕೊಂಡಿರಬೇಕು. ಗುಜರಾತು, ದೌಲತಾಬಾದು ಹಾಯ್ದು, ಫಿರೋಜ್ ಷಾ ಬಹಮನಿಯ ಕಾಲದಲ್ಲಿ, 1400ರ ಸುಮಾರಿಗೆ ಕಲಬುರಗಿಗೆ ಬಂದರು. ಇಲ್ಲಿ ಇನ್ನೂ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಿ, ನೂರು ದಾಟಿ, 1422ರಲ್ಲಿ ಮಣ್ಣಾದರು. ಇವತ್ತು ಹಿಂದೂ ಮುಸಲ್ಮಾನರೆನ್ನದೆ ಜನ ಅವರನ್ನು ನೆನೆಯುವುದು ಕಲಬುರಗಿಯ ಹೆಸರಿನೊಂದಿಗೆ.

ಅವರ ಬಾಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಪ್ಪಿನಲ್ಲಿ ಬಂದ ಕೀರ್ತಿಯಲ್ಲ. ದಿಲ್ಲಿಯ ಆ ನಲವತ್ತು ವರ್ಷಗಳನ್ನು ಅವರು ಯಾವುದಕ್ಕೋ ಕಾಯುತ್ತಾ ಕಳೆಯಲಿಲ್ಲ. ಅಲ್ಲಿ ಯಾವ ಕೆಲಸ ಮಾಡುತ್ತಿದ್ದರೋ ಇಲ್ಲಿಗೆ ಬಂದ ಮೇಲೂ ಅದೇ ಕೆಲಸ ಮಾಡಿದರು. ಊರು ಬದಲಾಯಿತು, ಕೆಲಸ ಬದಲಾಗಲಿಲ್ಲ.

ಯವ್ವಾ, ನನ್ನ ಚಿಂತೆ ಇರುವುದು ಇಲ್ಲೇ. ನೌಕರಿ ಬರುವತನಕ ಬದುಕುವುದಿಲ್ಲ ಎಂದು ನೀನು ನಿರ್ಧರಿಸಿದ ಹಾಗೆ ಕಾಣುತ್ತದೆ. ಅಕ್ಕನ ಮಗನ ಜವಳಕ್ಕೆ ಬರಲಿಲ್ಲ, ಜಾತ್ರೆಗೆ ಬರಲಿಲ್ಲ, ಈಗ ಎಳ್ಳಮಾಸಿಗೂ ಇಲ್ಲ. ಹಾಡು ಬಿಟ್ಟೆ. ಗುಡಿ ಬಿಟ್ಟೆ. ಆದೇಶದ ಪ್ರತಿ ಕೈಗೆ ಬಂದ ದಿನ ಎಲ್ಲವನ್ನೂ ಮತ್ತೆ ಶುರು ಮಾಡುತ್ತೇನೆ ಎಂದುಕೊಂಡಿದ್ದೀಯೇನೋ. ದೇವರು ಕೊಟ್ಟ ಈ ವರ್ಷಗಳೂ ನಿನ್ನ ಆಯುಷ್ಯದ ವರ್ಷಗಳೇ ತಾಯಿ. ನಿನ್ನ ಆಯಿಯ ಕೈಯ ಕಡುಬು ಈ ಎಳ್ಳಮಾಸಿಗೆ ಇತ್ತು; ಮುಂದಿನ ಎಳ್ಳಮಾಸಿಗೆ ಯಾರು ಇರುತ್ತಾರೆ, ಯಾರು ಇರುವುದಿಲ್ಲ, ನನಗೆ ತಿಳಿಯದು.

ಇನ್ನೊಂದು ಮಾತು ನೆನಪಾಯಿತು. ಅರ್ಜಿ ತುಂಬುವಾಗ 371(ಜೆ) ಎಂದು ಒಂದು ಕಲಂ ತುಂಬುತ್ತೀಯಲ್ಲ, ಅದರ ಪ್ರಮಾಣಪತ್ರಕ್ಕೆ ನನ್ನನ್ನು ಕಚೇರಿಗೆ ಓಡಾಡಿಸಿದ್ದೀ. ಆ ಕಲಂ ನನ್ನ ಕಾಲದಲ್ಲಿ ಇರಲಿಲ್ಲ. ಬೇರೆಯವರಿಗೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಈ ಭಾಗ ನಿಜಾಮನ ಕೈಯಲ್ಲೇ ಇತ್ತು. ನಮಗೆ 1948ರ ಸೆಪ್ಟೆಂಬರ್ 17. ನಡುವಿನ ಹದಿಮೂರು ತಿಂಗಳಲ್ಲಿ ರಜಾಕಾರರ ಭಯಕ್ಕೆ ಊರು ಬಿಟ್ಟವರ ಕಥೆಗಳನ್ನು ನನ್ನ ಅಪ್ಪ ಹೇಳುತ್ತಿದ್ದರು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಏನೂ ತಪ್ಪು ಮಾಡದ ಮುಸಲ್ಮಾನ ಮನೆಗಳ ಮೇಲೆ ಬಂದ ಕಷ್ಟವನ್ನೂ ಅವರು ಮುಚ್ಚಿಡಲಿಲ್ಲ. ಶಾಲೆಯಲ್ಲಿ ಅಪ್ಪ ಕಲಿತದ್ದು ಉರ್ದು. ಕನ್ನಡ ನಾಡಿಗೆ ನಾವು ಸೇರಿದ್ದು 1956ರ ನವೆಂಬರಿಗೆ. ಹಿಂದುಳಿದ ಈ ಭಾಗಕ್ಕೆ ವಿಶೇಷ ಸ್ಥಾನ ಬೇಕೆಂದು ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಹೋರಾಡಿದರು. ಒಮ್ಮೆ ದಿಲ್ಲಿಯಿಂದ ಆಗುವುದಿಲ್ಲ ಎಂದೂ ಉತ್ತರ ಬಂತು. ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ. ಆಗುವುದಿಲ್ಲ ಎಂದ ದಿನ ಅವರು ಮನೆ ಸೇರಿದ್ದರೆ ನಿನ್ನ ಅರ್ಜಿಯಲ್ಲಿ ಆ ಕಲಂ ಇರುತ್ತಿರಲಿಲ್ಲ. ನಮ್ಮ ಪಾಲಿಗೆ ದೇವರ ಸಮಯ ಹೀಗೆ, ಮೋರ್ಚಾ ಮಾಡಿದವರ ಕಾಲಿನ ಮೇಲೆ ನಡೆದು ಬಂತು ಎಂದು ನಾನು ತಿಳಿದಿದ್ದೇನೆ.

ಈಗ ನಿನ್ನ ಅಪ್ಪನ ವಿಷಯ. ಒಂದು ಸಂಬಂಧ ಬಂದಿದೆ, ಹುಡುಗ ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿದ್ದಾನೆ ಎಂದು ಅವನು ಎರಡು ಸಲ ಎತ್ತಿದ. ಅವನಿಗೂ ಹೆದರಿಕೆ, ಬೀಗರು-ಬಿಜ್ಜರು ಏನೆನ್ನುತ್ತಾರೋ ಎಂದು. ನಿನ್ನ ಒಪ್ಪಿಗೆ ಇಲ್ಲದೆ ಯಾರ ಮುಂದೆಯೂ ತಟ್ಟೆ ಬದಲಿಸುವುದಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಿದ್ದೇನೆ. ಮದುವೆಯೂ ಆಗಲಿ, ಅದೂ ಒಳ್ಳೆಯದೇ. ಆದರೆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಮದುವೆ ಬೇಡ, ಮದುವೆಯಿಂದ ತಪ್ಪಿಸಿಕೊಳ್ಳಲು ಪರೀಕ್ಷೆಯೂ ಬೇಡ.

ಇನ್ನೆಷ್ಟು ಸಲ ಬರೆಯಬೇಕು ಎನ್ನುವುದನ್ನು ನೀನೇ ಕೂತು ಯೋಚಿಸು. ವಯಸ್ಸಿನ ಮಿತಿ ಎಲ್ಲಿಯವರೆಗೆ ಇದೆ ನೋಡಿಕೊ. ಪಿಎಸ್‌ಐ ಒಂದಕ್ಕೇ ಕಟ್ಟುಬೀಳಬೇಡ, ಬಿ.ಎಡ್ ಮಾಡುವ ಮನಸ್ಸು ಒಮ್ಮೆ ಇತ್ತು ನಿನಗೆ, ಅದನ್ನು ಮತ್ತೆ ತೆರೆದು ನೋಡು. ಬೇರೆ ದಾರಿ ನೋಡಿದರೆ ದೇವರ ಮೇಲಿನ ನಂಬಿಕೆ ಕಡಿಮೆಯಾಯಿತು ಎಂದು ತಿಳಿಯಬೇಡ. ಅವನು ಯಾವ ಗೆಣ್ಣಿನಿಂದ ಟೊಂಗೆ ಒಡೆಸುತ್ತಾನೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹತ್ತನೆಯ ತರಗತಿಯ ಹೆಣ್ಣುಮಕ್ಕಳು ಗಣಿತಕ್ಕೆ ಒದ್ದಾಡುತ್ತಿದ್ದಾರೆ. ನನ್ನ ಕಣ್ಣು ಈಗ ಸಣ್ಣಕ್ಷರಕ್ಕೆ ಆಗುವುದಿಲ್ಲ. ಮಾರ್ಚ್‌ನಲ್ಲಿ ಅವರ ಪರೀಕ್ಷೆ. ಭಾನುವಾರ ಒಂದು ಹೊತ್ತು ಬಂದು ಹೇಳಿಕೊಟ್ಟು ಹೋದರೆ ನಿನ್ನ ಓದಿಗೆ ಏನೂ ಕಡಿಮೆಯಾಗದು, ನಿನ್ನ ಲೆಕ್ಕವೂ ಚುರುಕಾಗುತ್ತದೆ. ಆ ಹುಡುಗಿಯರಿಗೆ ಓಡುವುದನ್ನೂ ಕಲಿಸು. ಅವರಲ್ಲಿ ಒಬ್ಬಳು ನನ್ನನ್ನು ಕೇಳಿದಳು, "ಅಕ್ಕ ಯಾವಾಗ ಬರ್ತಾಳ್ರಿ?" ಎಂದು. ನೌಕರಿ ಬಂತಾ ಎಂದು ಅವಳು ಕೇಳಲಿಲ್ಲ.

ಗುಡಿಗೆ ಹೋಗು ಎಂದು ನಾನು ಒತ್ತಾಯ ಮಾಡುವುದಿಲ್ಲ. ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಹೋಗು, ಶರಣಬಸಪ್ಪನ ಮುಂದೆ ನಿಂತು ಜಗಳವಾಡು. ಮನೆಯ ಹಿರಿಯನ ಹತ್ತಿರ ಮಗಳು ಜಗಳವಾಡುವುದು ಹೊಸದೇನಲ್ಲ. ಮಾತು ಬಿಟ್ಟು ಕೂಡುವುದು ಮಾತ್ರ ಬೇಡ. ನಾನು ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂತಾಗ ನಿನ್ನ ಹೆಸರು ಹೇಳುತ್ತೇನೆ, ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಕೆಲಸ ಕೊಡು ಎಂದು ಕೇಳುತ್ತೇನೆ, ಕೇಳದೆ ಇರಲಾರೆ. ಅದಕ್ಕಿಂತ ಮೊದಲು ಅವಳ ಮುಖದ ಮೇಲಿನ ನಗು ಉಳಿಸು ಎಂದು ಕೇಳುತ್ತೇನೆ.

ಮೇಲಿನ ತುಂಡಿನ ತೊಗರಿ ರಾಶಿ ಮುಂದಿನ ವಾರ. ಮಶೀನು ಬರುವ ದಿನ ಗೊತ್ತಾದ ಕೂಡಲೇ ನಿನ್ನ ತಮ್ಮ ತಿಳಿಸುತ್ತಾನೆ. ಆಳು ಸಿಗುವುದು ಕಷ್ಟವಾಗಿದೆ, ಚೀಲ ಹಿಡಿಯಲು ಒಂದು ಜೊತೆ ಕೈ ಬೇಕು, ನೀನು ಬಂದರೆ ಅನುಕೂಲ. ಈ ಕಾಗದದ ಜೊತೆ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ, ಜೊತೆಯವರಿಗೂ ಕೊಡು. ಕೋಣೆಯ ಬಾಡಿಗೆಗೆ ಎಷ್ಟು ಬೇಕು ಬರೆದು ತಿಳಿಸು, ಸಂಕೋಚ ಬೇಡ. ಇವತ್ತು ರಾತ್ರಿ ಮರೆಯದೆ ಅವ್ವನಿಗೆ ಫೋನು ಮಾಡು.

ಇಂತಿ ನಿನ್ನ
ಮುತ್ಯಾ